ಬೆಳಕಿನ ಹದ: ಒಂದು ಚಂದ್ರೋದಯ ಚಿತ್ರದ ವಿಮರ್ಶೆ

ಕಾವ್ಯವನ್ನು ಓದುವ ಕ್ರಮವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಪದವಿಭಾಗ, ಅನ್ವಯ, ಅಲಂಕಾರ, ಭಾವ ಎಂದು ಒಂದೊಂದಾಗಿ ಬಿಡಿಸಿ ತೋರಿಸುತ್ತೇವೆ. ಚಿತ್ರವನ್ನು ನೋಡುವ ಕ್ರಮವನ್ನಾದರೋ ಯಾರೂ ಕಲಿಸುವುದಿಲ್ಲ. ಕಣ್ಣುಳ್ಳವರಿಗೆಲ್ಲ ಅದು ತಾನಾಗಿಯೇ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇಂದು ಮನೆಮನೆಗೂ ಕ್ಯಾಮರಾ ಉಳ್ಳ ಮೊಬೈಲು ಬಂದು, ಶಾಲೆಯ ಪ್ರತಿಯೊಂದು ಉತ್ಸವವೂ ನೂರಾರು ಛಾಯಾಚಿತ್ರಗಳಲ್ಲಿ ಉಳಿಯುತ್ತಿರುವಾಗ ಈ ನಂಬಿಕೆಯನ್ನು ಒರೆಗೆ ಹಚ್ಚಿ ನೋಡುವುದು ಅಧ್ಯಾಪಕರಾದ ನಮ್ಮ ಕರ್ತವ್ಯವಾಗಿದೆ.

ಬಯಲಿನಲ್ಲಿ ಚಿತ್ರ ತೆಗೆಯುವವನಿಗೆ ಬೆಳಕೇ ಮಸಿ, ಬೆಳಕೇ ಕಾಗದ. ಆ ಬೆಳಕು ಅವನ ಅಧೀನದಲ್ಲಿಲ್ಲ. ಸೂರ್ಯನನ್ನು ಇತ್ತ ಸರಿಯೆನ್ನುವಂತಿಲ್ಲ; ಮೋಡವನ್ನು ತಡೆಯುವಂತಿಲ್ಲ. ಹೀಗಿರುವಾಗ ಬೆಳಕನ್ನು ಗಮನಿಸುವುದು, ಅದನ್ನು ಸಮತೂಗಿಸುವುದು ಎಂದರೇನು? ಈ ಪ್ರಶ್ನೆಯನ್ನು ತತ್ತ್ವರೂಪದಲ್ಲಿ ಚರ್ಚಿಸುವುದಕ್ಕಿಂತ ಒಂದೇ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸೆಂದು ನಮಗೆ ತೋರಿದೆ. ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸರು (೧೯೦೨–೧೯೮೪) ೧೯೪೧ರಲ್ಲಿ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ತೆಗೆದ, ‘ಚಂದ್ರೋದಯ, ಹರ್ನಾಂಡೆಜ್’ ಎಂಬ ಹೆಸರಿನಿಂದ ಲೋಕವಿಖ್ಯಾತವಾದ ಕಪ್ಪುಬಿಳುಪು ಚಿತ್ರವೇ ಅದು. ಈ ಚಿತ್ರದ ಪ್ರಶಂಸೆ ಬೇಕಾದಷ್ಟು ನಡೆದಿದೆ. ನಾವು ಇಲ್ಲಿ ಮಾಡಹೊರಟಿರುವುದು ಅದರ ಗುಣದೋಷಗಳ ಪರಿಶೀಲನೆ. ಮತ್ತು ಅದರಿಂದ ನಮ್ಮ ಶಾಲೆಯ ಅಂಗಳಕ್ಕೆ ಏನು ದಕ್ಕೀತೆಂಬ ವಿಚಾರ.

ಮೊದಲು ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದೋಣ. ತೀರ ಕೆಳಗೆ ಕುರುಚಲು ಗಿಡಗಳ ಮಸಕು ನೆಲ. ಅದರಾಚೆ ಹರ್ನಾಂಡೆಜ್ ಎಂಬ ಪುಟ್ಟ ಹಳ್ಳಿ: ಮಣ್ಣಿನ ಗೋಡೆಯ ಕೆಲವು ಮನೆಗಳು, ಒಂದು ಇಗರ್ಜಿ, ಅದರ ಪಕ್ಕದಲ್ಲಿ ಸ್ಮಶಾನ. ಸ್ಮಶಾನದ ಬಿಳಿಯ ಶಿಲುಬೆಗಳ ಮೇಲೆ ಇಳಿಹೊತ್ತಿನ ಕೊನೆಯ ಬಿಸಿಲು ಬಿದ್ದಿದೆ. ಹಳ್ಳಿಯ ಹಿಂದೆ ದೂರದಲ್ಲಿ ಹಿಮ ಹೊದ್ದ ಬೆಟ್ಟಗಳ ಸಾಲು. ಅದರ ಮೇಲೆ ಹೊಳೆಯುವ ಮೋಡದ ಒಂದು ನೀಳವಾದ ಪಟ್ಟಿ. ಅಲ್ಲಿಂದ ಮೇಲಕ್ಕೆ, ಚಿತ್ರದ ಅರ್ಧಕ್ಕೂ ಮಿಕ್ಕಿದ ಭಾಗವನ್ನು ಆಕ್ರಮಿಸಿಕೊಂಡು, ಕಪ್ಪಾದ ಆಕಾಶ. ಆ ಕಪ್ಪಿನ ನಡುವೆ ಹುಣ್ಣಿಮೆಗೆ ಇನ್ನೂ ಕೆಲವು ದಿನ ಬಾಕಿಯಿರುವ ಚಂದ್ರ. ಚಿತ್ರದಲ್ಲಿ ಒಬ್ಬ ಮನುಷ್ಯನೂ ಕಾಣಿಸುವುದಿಲ್ಲ. ಕಣ್ಣು ಮೊದಲು ಚಂದ್ರನಲ್ಲಿ ನೆಲಸುತ್ತದೆ. ಅಲ್ಲಿಂದ ಇಳಿದು ಶಿಲುಬೆಗಳಲ್ಲಿ ನಿಲ್ಲುತ್ತದೆ. ಪುನಃ ಚಂದ್ರನಿಗೆ ಮರಳುತ್ತದೆ. ಈ ಹೋಗಿಬರುವಿಕೆಯಲ್ಲಿಯೇ ಚಿತ್ರದ ಜೀವವಿದೆ.

ಇನ್ನು ಚಿತ್ರ ಹುಟ್ಟಿದ ಬಗೆ. ಆಡಮ್ಸರು ತಮ್ಮ ನಲವತ್ತು ಚಿತ್ರಗಳ ನಿರ್ಮಾಣವನ್ನು ಕುರಿತು ಬರೆದು ೧೯೮೩ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಚಾಮಾ ನದಿಯ ಕಣಿವೆಯಲ್ಲಿ ದಿನವಿಡೀ ಶ್ರಮಿಸಿ, ಮನಸ್ಸಿಗೆ ಒಪ್ಪುವ ಚಿತ್ರ ದೊರೆಯದೆ, ಮಗನೊಡನೆಯೂ ಮಿತ್ರರೊಬ್ಬರೊಡನೆಯೂ ಮೋಟಾರಿನಲ್ಲಿ ಸಾಂತಾ ಫೆ ನಗರದ ಕಡೆಗೆ ಹಿಂದಿರುಗುತ್ತಿದ್ದಾಗ ಎಡಬದಿಯಲ್ಲಿ ಈ ದೃಶ್ಯ ಕಂಡಿತು. ಪಶ್ಚಿಮದಲ್ಲಿ ಸೂರ್ಯನು ಮೋಡದ ಅಂಚಿಗೆ ಸರಿಯುತ್ತಿದ್ದನು. ಶಿಲುಬೆಗಳ ಮೇಲಿನ ಬಿಸಿಲು ಇನ್ನು ಕ್ಷಣಮಾತ್ರದ್ದು. ಎಂಟು ಅಂಗುಲಕ್ಕೆ ಹತ್ತು ಅಂಗುಲದ ದೊಡ್ಡ ಕ್ಯಾಮರಾವನ್ನು ಅವಸರದಿಂದ ಹೂಡಿದ್ದಾಯಿತು. ಆದರೆ ಬೆಳಕುಮಾಪಕ ಎಲ್ಲಿಟ್ಟಿದೆಯೋ ಸಿಗಲಿಲ್ಲ. ಆಗ ಅವರಿಗೆ ಚಂದ್ರನ ಹೊಳಪಿನ ಅಳತೆ ಚದರಡಿಗೆ ೨೫೦ ಕ್ಯಾಂಡಲ್ ಎಂಬ ಅಂಕಿ ನೆನಪಿಗೆ ಬಂತು. ಅದೊಂದನ್ನೇ ಆಧಾರವಾಗಿಟ್ಟುಕೊಂಡು ಲೆಕ್ಕಹಾಕಿ, ಒಂದು ಸೆಕೆಂಡಿನ ಕಾಲ ಬೆಳಕನ್ನು ಒಳಬಿಟ್ಟರು. ಎರಡನೆಯ ಚಿತ್ರಕ್ಕೆಂದು ಫಿಲ್ಮಿನ ಪೆಟ್ಟಿಗೆಯನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಮಾಯವಾಗಿತ್ತು. ಹೀಗಾಗಿ ಉಳಿದದ್ದು ಒಂದೇ ನೆಗೆಟಿವ್.

ಆ ಲೆಕ್ಕವನ್ನು ನಮ್ಮ ಮೇಲಿನ ತರಗತಿಯ ವಿದ್ಯಾರ್ಥಿಗಳೂ ಮಾಡಿ ನೋಡಬಹುದು. ಆಡಮ್ಸರು ತಮ್ಮ ಸಹೋದ್ಯೋಗಿ ಫ್ರೆಡ್ ಆರ್ಚರರೊಡನೆ ೧೯೪೦ರ ಸುಮಾರಿಗೆ ರೂಪಿಸಿದ ‘ವಲಯಪದ್ಧತಿ’ಯಲ್ಲಿ ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗಿನ ಛಾಯೆಗಳನ್ನು ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ವಲಯಗಳಾಗಿ ಎಣಿಸುತ್ತಾರೆ. ಒಂದು ವಲಯದಿಂದ ಮುಂದಿನ ವಲಯಕ್ಕೆ ಬೆಳಕು ಇಮ್ಮಡಿ. ಐದನೆಯದು ನಡುಬೂದಿ ಬಣ್ಣ. ಚಂದ್ರನು ಹೊಳೆಯಬೇಕು, ಆದರೆ ಅವನ ಮೈಯ ಕಲೆಗಳು ಅಳಿಯಬಾರದು; ಆದ್ದರಿಂದ ಅವನನ್ನು ಏಳನೆಯ ವಲಯದಲ್ಲಿ ಇರಿಸಿದರು. ಅಲ್ಲಿಂದ ಐದನೆಯದು ಎರಡು ಮೆಟ್ಟಿಲು ಕೆಳಗೆ, ಎಂದರೆ ೨೫೦ರ ಕಾಲುಭಾಗ: ಸುಮಾರು ೬೦. ಫಿಲ್ಮಿನ ವೇಗ ೬೪. ಅದರ ವರ್ಗಮೂಲ ೮. ಮಸೂರದ ಬಾಯಿಯನ್ನು ಎಫ್ ೮ಕ್ಕೆ ಇಟ್ಟರೆ ಕಾಲ ೧/೬೦ ಸೆಕೆಂಡು ಎಂಬುದು ಆ ಪದ್ಧತಿಯ ಸೂತ್ರ. ಆಕಾಶದ ನೀಲಿಯನ್ನು ತಗ್ಗಿಸಲು ತೊಡಿಸಿದ್ದ ಗಾಢಹಳದಿ ಫಿಲ್ಟರು ಮೂರುಪಟ್ಟು ಬೆಳಕನ್ನು ಬೇಡುತ್ತದೆ, ಆದ್ದರಿಂದ ೧/೨೦. ಹತ್ತಿರದ ಗಿಡದಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಫುಟವಾಗಲೆಂದು ಬಾಯಿಯನ್ನು ಎಫ್ ೩೨ಕ್ಕೆ ಕಿರಿದುಗೊಳಿಸಿದಾಗ ೩೨ನ್ನು ೮ರಿಂದ ಭಾಗಿಸಿದರೆ ೪, ಅದರ ವರ್ಗ ೧೬. ಅಂದರೆ ಹದಿನಾರು ಪಟ್ಟು ಕಾಲ. ೧೬/೨೦, ಹತ್ತಿರಹತ್ತಿರ ಒಂದು ಸೆಕೆಂಡು. ಈ ಲೆಕ್ಕಕ್ಕೆ ಪ್ರಾಥಮಿಕ ಶಾಲೆಯ ಗಣಿತವೇ ಸಾಕು. ಆದರೆ ಬಿಸಿಲು ಓಡುತ್ತಿರುವಾಗ ಅದನ್ನು ಮಾಡುವುದಕ್ಕೆ ಬೇರೊಂದು ಶಿಕ್ಷಣ ಬೇಕು.

ಈ ಚಿತ್ರವನ್ನು ಅದೃಷ್ಟದ ಕೊಡುಗೆಯೆಂದು ಬಣ್ಣಿಸುವವರುಂಟು. ಮೋಟಾರು ಆ ಹೊತ್ತಿಗೆ ಆ ತಿರುವಿಗೆ ಬಂದದ್ದು ಅದೃಷ್ಟವೇ ಸರಿ. ಆದರೆ ೨೫೦ ಎಂಬ ಅಂಕಿ ನಾಲಗೆಯ ತುದಿಯಲ್ಲಿದ್ದುದು ಅದೃಷ್ಟವಲ್ಲ. ಆ ಅಂಕಿಯನ್ನು ನೆನಪಿನಲ್ಲಿಡಲು ಸಾಧ್ಯವಾದುದಕ್ಕೆ ಒಂದು ಭೌತಕಾರಣವೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಈ ಚಿತ್ರದ ಅತ್ಯಂತ ಬೋಧಪ್ರದವಾದ ಅಂಶ ಅದೇ. ಚಂದ್ರನಿಗೆ ಸ್ವಂತ ಬೆಳಕಿಲ್ಲವೆಂದು ನಾವೆಲ್ಲ ಪಾಠ ಹೇಳುತ್ತೇವೆ. ಹಾಗಾದರೆ ಚಂದ್ರನೆಂದರೆ ಬಿಸಿಲಿಗೆ ಒಡ್ಡಿಕೊಂಡು ಬಿದ್ದಿರುವ ಕಲ್ಲುನೆಲ, ನಮ್ಮ ಕಾಸರಗೋಡಿನ ಮುರಕಲ್ಲಿನ ಪಾರೆಯಂತೆಯೇ! ಭೂಮಿಯಲ್ಲಿ ನಮಗೆ ಇರುಳಾದರೂ ಕಣ್ಣಿಗೆ ಕಾಣುವ ಚಂದ್ರಭಾಗದಲ್ಲಿ ಹಗಲೇ. ಆ ಬಿಸಿಲಿಗೆ ಅಡ್ಡಬರಲು ಅಲ್ಲಿ ಮೋಡವಿಲ್ಲ, ಮಳೆಯಿಲ್ಲ. ತಿಥಿಗೆ ತಕ್ಕಂತೆಯೂ ದಿಗಂತದಿಂದ ಏರಿದ ಎತ್ತರಕ್ಕೆ ತಕ್ಕಂತೆಯೂ ಸ್ವಲ್ಪ ವ್ಯತ್ಯಾಸವಾದೀತು. ಆದರೆ ಹುಣ್ಣಿಮೆಯ ಆಸುಪಾಸಿನಲ್ಲಿ ಚೆನ್ನಾಗಿ ಮೇಲೇರಿದ ಚಂದ್ರನ ಹೊಳಪು ನಂಬತಕ್ಕ ಅಳತೆ. ಗಳಿಗೆಗಳಿಗೆಗೂ ಬದಲಾಗುತ್ತಿದ್ದ ಆ ದೃಶ್ಯದಲ್ಲಿ ಬದಲಾಗದ ವಸ್ತು ಅದೊಂದೇ ಆಗಿತ್ತು. ಆಡಮ್ಸರು ಅದನ್ನು ಹಿಡಿದುಕೊಂಡರು. ಬೆಳಕನ್ನು ಗಮನಿಸುವುದೆಂದರೆ ಬರಿಯ ಸೊಬಗನ್ನು ಸವಿಯುವುದೆಂದಲ್ಲ. ಯಾವುದು ಚಂಚಲ, ಯಾವುದು ಸ್ಥಿರ ಎಂಬ ವಿವೇಕವನ್ನು ಕಣ್ಣಿಗೆ ಮೊದಲೇ ಕಲಿಸಿಟ್ಟಿರುವುದು.

ಇದಕ್ಕೆ ಪೂರಕವಾದ ಇನ್ನೊಂದು ಸಂಗತಿ. ಚಿತ್ರ ತೆಗೆದ ದಿನಾಂಕ ಆಡಮ್ಸರಿಗೆ ನೆನಪಿರಲಿಲ್ಲ. ಬೇರೆಬೇರೆ ಸಂದರ್ಭಗಳಲ್ಲಿ ಬೇರೆಬೇರೆ ವರ್ಷಗಳನ್ನು ಹೇಳಿದ್ದುಂಟು. ಚಿತ್ರದಲ್ಲಿರುವ ಚಂದ್ರನ ಸ್ಥಾನವನ್ನು ಆಧಾರವಾಗಿಟ್ಟುಕೊಂಡು ಡೇವಿಡ್ ಎಲ್ಮೋರ್ ಎಂಬ ವಿಜ್ಞಾನಿಗಳು ಮೊದಲು ೧೯೪೧ರ ಅಕ್ಟೋಬರ್ ೩೧ ಎಂದು ಗಣಿಸಿದರು. ಬಳಿಕ ೧೯೯೧ರಲ್ಲಿ ಡೆನ್ನಿಸ್ ಡಿ ಚಿಕ್ಕೋ ಎಂಬವರು ಆ ಗಣನೆಯನ್ನು ತಿದ್ದಿ, ೧೯೪೧ರ ನವಂಬರ್ ೧, ಸಂಜೆ ೪ ಗಂಟೆ ೪೯ ನಿಮಿಷ ಎಂದು ನಿರ್ಧರಿಸಿದರು. ಕಲಾವಿದನು ಮರೆತುದನ್ನು ಅವನು ಹಿಡಿದಿಟ್ಟ ಬೆಳಕು ಮರೆಯಲಿಲ್ಲ. ಬೆಳಕನ್ನು ನಿಷ್ಠೆಯಿಂದ ದಾಖಲಿಸಿದ ಚಿತ್ರವು ಪಂಚಾಂಗವೂ ಆಗಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಈಗ ಸಮತೋಲದ ವಿಚಾರಕ್ಕೆ ಬರೋಣ. ತಕ್ಕಡಿಯ ಎರಡು ತಟ್ಟೆಗಳು ಒಂದೇ ಮಟ್ಟಕ್ಕೆ ಬರುವುದೇ ಸಮತೋಲವೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಚಿತ್ರದಲ್ಲಿ ಈ ಅರ್ಥ ಸಲ್ಲದು. ಬೆಳಕನ್ನೂ ನೆಳಲನ್ನೂ ಒಂದೇ ಮಟ್ಟಕ್ಕೆ ತಂದರೆ ಎಲ್ಲವೂ ಬೂದಿಯಾಗುತ್ತದೆ. ಇಲ್ಲಿ ನಮಗೆ ಬೇಕಾದ ಮಾತು ನಮ್ಮ ಒಕ್ಕಲುತನದಲ್ಲಿಯೇ ಇದೆ: ‘ಹದ’. ನೆಲ ಹದಕ್ಕೆ ಬಂದಿದೆ, ಪಾಕ ಹದಕ್ಕೆ ಬಂದಿದೆ ಎನ್ನುವಾಗ ನಾವು ನೀರೂ ಮಣ್ಣೂ ಸಮಪಾಲೆಂದು ಹೇಳುವುದಿಲ್ಲ. ಮುಂದೆ ಆಗಬೇಕಾದ ಕಾರ್ಯಕ್ಕೆ ಅವು ತಕ್ಕ ಸ್ಥಿತಿಯಲ್ಲಿವೆ ಎನ್ನುತ್ತೇವೆ. ಬತ್ತಕ್ಕೆ ಬೇಕಾದ ಹದ ಬೇರೆ, ಎಳ್ಳಿಗೆ ಬೇಕಾದ ಹದ ಬೇರೆ. ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ಪ್ರತಿಪಾದಿಸಿದಾಗ ಅವನ ಮನಸ್ಸಿನಲ್ಲಿದ್ದುದೂ ಇಂಥದೇ ತತ್ತ್ವವೆಂದು ನಮ್ಮ ಎಣಿಕೆ.

ಈ ದೃಷ್ಟಿಯಿಂದ ನೋಡಿದಾಗ ಆಡಮ್ಸರ ನಿರ್ಧಾರದಲ್ಲಿ ಒಂದು ತ್ಯಾಗವಿರುವುದು ಕಾಣುತ್ತದೆ. ಚಂದ್ರನನ್ನು ಏಳನೆಯ ವಲಯದಲ್ಲಿ ಇರಿಸಿದ ಮೇಲೆ ಮಿಕ್ಕುದೆಲ್ಲ ತನ್ನ ತನ್ನ ಬೆಳಕಿಗೆ ತಕ್ಕಂತೆ ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತದೆ. ಅದನ್ನು ಬೇರೆಯಾಗಿ ಆರಿಸುವ ಸ್ವಾತಂತ್ರ್ಯವಿಲ್ಲ. ಕೆಳಗಿನ ನೆಲದ ನೆಳಲಿಗೆ ಬೇಕಾದಷ್ಟು ಬೆಳಕು ದೊರೆಯದೆಂದು ಅವರಿಗೆ ಗೊತ್ತಿತ್ತು. ನೆಲಕ್ಕಾಗಿ ಕಾಲವನ್ನು ಹೆಚ್ಚಿಸಿದ್ದರೆ ಚಂದ್ರನು ಕಲೆಯಿಲ್ಲದ ಬಿಳಿಯ ತೂತಾಗುತ್ತಿದ್ದನು. ಅವರು ನೆಲದ ಕಡೆಯಿಂದ ನಷ್ಟವನ್ನು ಒಪ್ಪಿಕೊಂಡರು. ನೆಗೆಟಿವ್‌ನಲ್ಲಿ ಮುನ್ನೆಲ ತೆಳುವಾಗಿಯೇ ಬಂತು. ೧೯೪೮ರಲ್ಲಿ ಅದನ್ನು ರಾಸಾಯನಿಕದಿಂದ ಪುಷ್ಟಿಗೊಳಿಸಬೇಕಾಯಿತು. ಪ್ರಕೃತಿಯ ಬೆಳಕು ನಮ್ಮ ಯಂತ್ರದ ಪಾತ್ರೆಗಿಂತ ದೊಡ್ಡದು. ತುಂಬಿ ಚೆಲ್ಲುವುದು ಖಂಡಿತ. ಯಾವ ಕಡೆ ಚೆಲ್ಲಬೇಕೆಂಬುದಷ್ಟೇ ನಮ್ಮ ಕೈಯಲ್ಲಿರುವುದು. ಏನನ್ನು ಉಳಿಸಿಕೊಳ್ಳಬೇಕು, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕು ಎಂಬ ತೀರ್ಮಾನವೇ ಬೆಳಕಿನ ಸಮತೋಲ. ಇದು ಕೈಚಳಕವೆನ್ನುವುದಕ್ಕಿಂತ ಮೌಲ್ಯನಿರ್ಣಯವೆನ್ನುವುದು ಹೆಚ್ಚು ಸರಿ.

ಇಲ್ಲಿಯವರೆಗೆ ಚಿತ್ರದ ಗುಣವನ್ನು ಹೇಳಿದ್ದಾಯಿತು. ಇನ್ನು ನಮ್ಮ ಆಕ್ಷೇಪಗಳು. ಆಡಮ್ಸರು ತರುಣರಾಗಿದ್ದಾಗ ಪಿಯಾನೋ ವಾದನವನ್ನು ಅಭ್ಯಸಿಸಿದವರು. ನೆಗೆಟಿವ್ ಸ್ವರಲಿಪಿಯಿದ್ದಂತೆ, ಅದರಿಂದ ತೆಗೆಯುವ ಪ್ರತಿ ಗಾಯನವಿದ್ದಂತೆ ಎಂಬ ಹೋಲಿಕೆಯನ್ನು ಅವರು ಮತ್ತೆಮತ್ತೆ ಕೊಡುತ್ತಿದ್ದರು. ಯಕ್ಷಗಾನವನ್ನು ಬಲ್ಲ ನಮಗೆ ಈ ಮಾತು ಅಪರಿಚಿತವಲ್ಲ. ಪ್ರಸಂಗದ ಪದ್ಯ ಒಂದೇ ಆದರೂ ಭಾಗವತರು ಬದಲಾದರೆ ರಾತ್ರಿಯ ರಸವೇ ಬದಲಾಗುತ್ತದೆ. ಆಡಮ್ಸರು ಈ ಒಂದೇ ನೆಗೆಟಿವ್‌ನಿಂದ ತಮ್ಮ ಜೀವಿತಕಾಲದಲ್ಲಿ ಸಾವಿರಕ್ಕೂ ಮಿಕ್ಕಿ ಪ್ರತಿಗಳನ್ನು ತೆಗೆದರು. ಆರಂಭದ ಪ್ರತಿಗಳಲ್ಲಿ ಆಕಾಶ ಬೂದಿಯಾಗಿದ್ದು, ಮೇಲೆ ತೆಳುಮೋಡಗಳ ಗೆರೆಗಳು ಕಾಣುತ್ತಿದ್ದುವು. ವರ್ಷಗಳು ಕಳೆದಂತೆ ಆಕಾಶ ಕಪ್ಪಾಗುತ್ತ ಬಂದು, ಕೊನೆಯ ಪ್ರತಿಗಳಲ್ಲಿ ಅದು ಕಾಡಿಗೆಯ ಕಪ್ಪೇ ಆಯಿತು.

ಈ ಕಪ್ಪು ನಾಟಕೀಯವಾಗಿದೆ; ಚಂದ್ರನ ಏಕಾಂತವನ್ನು ಹೆಚ್ಚಿಸಿದೆ; ಅನೇಕ ರಸಿಕರು ಈ ಪ್ರತಿಗಳನ್ನೇ ಮೆಚ್ಚುತ್ತಾರೆ. ಆದರೆ ನಮಗೆ ಇಲ್ಲಿ ಒಂದು ಅನೌಚಿತ್ಯ ಕಾಣುತ್ತದೆ. ಕಾಡಿಗೆಗಪ್ಪಿನ ಆಕಾಶವನ್ನು ಕಂಡ ಪ್ರೇಕ್ಷಕನು ಇದು ರಾತ್ರಿಯೆಂದು ಭ್ರಮಿಸುತ್ತಾನೆ; ಶಿಲುಬೆಗಳು ಬೆಳದಿಂಗಳಿನಲ್ಲಿ ಹೊಳೆಯುತ್ತಿವೆಯೆಂದು ತಿಳಿಯುತ್ತಾನೆ. ಬೆಳಕಿನ ದಿಕ್ಕನ್ನು ನೋಡುವ ಅಭ್ಯಾಸವುಳ್ಳವನಿಗೆ ಈ ಭ್ರಮೆ ಉಂಟಾಗದು. ಚಂದ್ರನಿರುವುದು ಹಳ್ಳಿಯ ಹಿಂದೆ. ಅವನ ಬೆಳಕಾದರೆ ಶಿಲುಬೆಗಳ ಬೆನ್ನಿಗೆ ಬಿದ್ದು ನಮ್ಮ ಕಡೆಯ ಮುಖ ಕಪ್ಪಾಗಿರಬೇಕಾಗಿತ್ತು. ಇಲ್ಲಿ ನಮ್ಮ ಕಡೆಯ ಮುಖವೇ ಹೊಳೆಯುತ್ತಿದೆ. ಎಂದರೆ ಬೆಳಕು ನಮ್ಮ ಬೆನ್ನಿನ ಹಿಂದಿನಿಂದ, ಚಿತ್ರದಲ್ಲಿ ಕಾಣದ ಅಸ್ತಮಾನ ಸೂರ್ಯನಿಂದ ಬರುತ್ತಿದೆ. ಅಸ್ತಮಿಸುವ ಸೂರ್ಯನೂ ಮೇಲೇರುವ ಚಂದ್ರನೂ ಎದುರುಬದುರಾಗಿ ನಿಂತ ಆ ಸಂಧಿಕಾಲವೇ ಚಿತ್ರದ ನಿಜವಾದ ವಸ್ತು. ಬೂದಿಯಾಕಾಶದ ಹಳೆಯ ಪ್ರತಿಯಲ್ಲಿ ಈ ಸಂಧಿ ಉಳಿದಿದೆ. ಕಪ್ಪಾಕಾಶದ ಹೊಸ ಪ್ರತಿಯಲ್ಲಿ ಅದು ರಾತ್ರಿಯ ಪಾಲಾಗಿದೆ. ಪುಸ್ತಕಗಳಲ್ಲಿ ಅಚ್ಚಾದ ಪ್ರತಿಗಳನ್ನು ಹೋಲಿಸಿ ನೋಡಿದ ನಮ್ಮ ಮನಸ್ಸು ಹಳೆಯ ಪ್ರತಿಯ ಕಡೆಗೇ ಒಲಿಯುತ್ತದೆ. ಕಲಾವಿದನಿಗೆ ಬೆಳಕನ್ನು ಒತ್ತಿ ಹೇಳುವ ಅಧಿಕಾರವುಂಟು. ಅದು ಎಲ್ಲಿಂದ ಬಂತೆಂಬುದನ್ನು ಮರೆಸುವಷ್ಟು ಒತ್ತಿದರೆ ಹದ ಮೀರಿತೆಂದೇ ಹೇಳಬೇಕಾಗುತ್ತದೆ.

ಇನ್ನೊಂದು ಮಾತು. ಆಡಮ್ಸರ ಮಾರ್ಗ ಬೆಳಕಿಗಾಗಿ ಕಾಯುವ ಮಾರ್ಗ. ಅವರು ದೃಶ್ಯವನ್ನು ಮುಟ್ಟುವುದಿಲ್ಲ. ಬೆಟ್ಟಕ್ಕೂ ಚಂದ್ರನಿಗೂ ಇದು ಸರಿ. ಆದರೆ ಮನುಷ್ಯರ ಮುಖವನ್ನು ಚಿತ್ರಿಸುವವನಿಗೆ ಬೆಳಕನ್ನು ಕೈಹಿಡಿದು ಕರೆತರುವ ವಿದ್ಯೆಯೂ ಬೇಕು. ಈ ವಿದ್ಯೆಯಲ್ಲಿ ನಮ್ಮ ದೇಶದ ಚಲಚ್ಚಿತ್ರ ಛಾಯಾಗ್ರಾಹಕರು ಯಾರಿಗೂ ಕಡಮೆಯಲ್ಲ. ಸತ್ಯಜಿತ್ ರಾಯರ ‘ಅಪರಾಜಿತೋ’ (೧೯೫೬) ಚಿತ್ರದ ಕಾಶಿಯ ಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿದಾಗ ಅಂಗಳಕ್ಕೆ ಮೇಲಿನ ಆಕಾಶದಿಂದ ಇಳಿಯುವ ಮೆದುಬೆಳಕು ಬೇಕಾಯಿತು. ಸುಬ್ರತ ಮಿತ್ರರು ಮೇಲೆ ಬಿಳಿಯ ಬಟ್ಟೆಯನ್ನು ಹರಡಿ, ದೀಪಗಳನ್ನು ಅದರ ಕಡೆಗೆ ತಿರುಗಿಸಿ, ಮರಳಿ ಬಂದ ಬೆಳಕಿನಿಂದ ಅದನ್ನು ಸಾಧಿಸಿದರು. ಮೈಸೂರಿನಲ್ಲಿ ಹುಟ್ಟಿ ಬೆಳೆದ ಕನ್ನಡಿಗರಾದ ವಿ. ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (೧೯೫೯) ಚಿತ್ರದಲ್ಲಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಗೆ ಹಾಯಿಸಿ, ಕತ್ತಲ ಸ್ಟುಡಿಯೋದ ನಡುವೆ ಬೆಳಕಿನ ಕಂಬವನ್ನೇ ನಿಲ್ಲಿಸಿದ್ದು ಪ್ರಸಿದ್ಧವಾಗಿದೆ. ಬಟ್ಟೆ, ಕನ್ನಡಿ: ಇವು ಯಾವ ಬಡ ಶಾಲೆಯಲ್ಲಿಯೂ ಸಿಗುವ ವಸ್ತುಗಳು.

ಈ ವಿಮರ್ಶೆಯನ್ನು ನಾವು ಕೈಗೊಂಡುದರ ಕಾರಣವನ್ನು ಈಗ ಹೇಳಬಹುದು. ನಮ್ಮ ಶಾಲೆಗಳಲ್ಲಿ ಅತ್ಯಂತ ಹೆಚ್ಚಾಗಿ ತೆಗೆಯುವ ಚಿತ್ರ ಮಕ್ಕಳ ಸಾಮೂಹಿಕ ಚಿತ್ರ. ಅದರಲ್ಲಿಯೂ ಆಗಸ್ಟ್ ೧೫ರ ಧ್ವಜಾರೋಹಣ, ಭಾಷಣ, ಸಿಹಿ ಹಂಚಿಕೆ ಎಲ್ಲ ಮುಗಿದು ಚಿತ್ರಕ್ಕೆ ನಿಲ್ಲುವಾಗ ಬಹುಮಟ್ಟಿಗೆ ನಡುಹಗಲು. ಕಾಸರಗೋಡು ಇರುವುದು ಸುಮಾರು ೧೨.೫ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ದಿನ ಸೂರ್ಯನಿರುವುದು ಸುಮಾರು ೧೪ ಡಿಗ್ರಿ ಉತ್ತರ ಕ್ರಾಂತಿಯಲ್ಲಿ. ಹೀಗಾಗಿ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಸೂರ್ಯನು ನಮ್ಮ ನೆತ್ತಿಯಿಂದ ಒಂದೂವರೆ ಡಿಗ್ರಿಯಷ್ಟೇ ಆಚೆ. ಮೋಡ ಸರಿದು ಬಿಸಿಲು ಬಂದರೆ ಹುಬ್ಬಿನ ನೆಳಲು ಕಣ್ಣಿನ ಗುಳಿಯನ್ನು ತುಂಬುತ್ತದೆ, ಮೂಗಿನ ನೆಳಲು ಬಾಯಿಯ ಮೇಲೆ ಬೀಳುತ್ತದೆ. ಬಿಳಿಯ ಅಂಗಿ ಮಾತ್ರ ಉರಿಯುವಂತೆ ಹೊಳೆಯುತ್ತದೆ.

ಯಂತ್ರದ ಮಾಪಕಕ್ಕೆ ಮುಖ ಯಾವುದು, ಅಂಗಿ ಯಾವುದು ಎಂಬ ಅರಿವು ಮೂಲತಃ ಇಲ್ಲ. ತನ್ನ ಮುಂದಿರುವುದೆಲ್ಲ ಸರಾಸರಿಯಲ್ಲಿ ನಡುಬೂದಿಯೆಂದು ಅದು ಭಾವಿಸುತ್ತದೆ. ಅರವತ್ತು ಬಿಳಿಯ ಅಂಗಿಗಳನ್ನೂ ಸುಣ್ಣದ ಗೋಡೆಯನ್ನೂ ಮೇಲಿನ ಬಿಳಿಯ ಆಕಾಶವನ್ನೂ ಕಂಡು ಅವುಗಳನ್ನು ಬೂದಿಯಾಗಿಸಲು ಹೊರಡುತ್ತದೆ. ಬೆಳಕನ್ನು ಕಡಮೆ ಮಾಡುತ್ತದೆ. ಆಗ ಮೊದಲು ಮುಳುಗುವುದು ಕಪ್ಪುಮೈಯ ಮಕ್ಕಳ ಮುಖ. ಗೋಡೆಯ ಮೇಲೆ ತೂಗುವ ಎಷ್ಟೋ ಸಾಮೂಹಿಕ ಚಿತ್ರಗಳಲ್ಲಿ ಅಂಗಿಯ ಗುಂಡಿಗಳನ್ನು ಎಣಿಸಬಹುದು, ಮಗುವಿನ ಕಣ್ಣನ್ನು ಗುರುತಿಸಲಾಗದು. ಆ ಮಗು ಚಿತ್ರದಲ್ಲಿ ತನ್ನನ್ನು ಹುಡುಕಿ, ಹೆಸರಿನ ಪಟ್ಟಿಯಿಂದ ಮಾತ್ರವೇ ತಾನಿದ್ದೇನೆಂದು ತಿಳಿಯಬೇಕಾಗುತ್ತದೆ. ತಾನು ಕಪ್ಪಾಗಿರುವುದರಿಂದಲೇ ಹೀಗಾಯಿತೆಂದು ಅದು ನೊಂದುಕೊಳ್ಳುತ್ತದೆ. ತಪ್ಪು ಮೈಬಣ್ಣದ್ದಲ್ಲ, ಅಳತೆಯ ಆಧಾರವನ್ನು ಆರಿಸಿದವರದು. ಗಡಿನಾಡಿನಲ್ಲಿ ಕನ್ನಡ ತರಗತಿಗಳ ಮಕ್ಕಳು ಎಣಿಕೆಯಲ್ಲಿ ಕಡಮೆ. ಅವರಲ್ಲಿ ಒಬ್ಬೊಬ್ಬರ ಮುಖವೂ ನಮಗೆ ಅಮೂಲ್ಯ. ಆ ಮುಖ ಕಾಣದ ಚಿತ್ರವನ್ನು ದಾಖಲೆಯೆಂದು ಕರೆಯಲು ನಮಗೆ ಮನಸ್ಸು ಬಾರದು.

ಆಡಮ್ಸರು ಚಂದ್ರನಿಂದ ಅಳೆದರು. ನಮ್ಮ ಚಿತ್ರಕ್ಕೆ ಮಗುವಿನ ಮುಖವೇ ಚಂದ್ರ. ಅಳತೆ ಅಲ್ಲಿಂದಲೇ ಹೊರಡಬೇಕು. ಅವರ ಪಟ್ಟಿಯಲ್ಲಿ ಬಿಳಿಯರ ಮುಖಕ್ಕೆ ಆರನೆಯ ವಲಯವನ್ನೂ ಕಪ್ಪು ಮೈಬಣ್ಣಕ್ಕೆ ಐದನೆಯ ವಲಯವನ್ನೂ ಸೂಚಿಸಿದೆ. ಆರನೆಯದನ್ನೇ ಎಲ್ಲರಿಗೂ ನಿಯಮವೆಂದು ಗಿಳಿಪಾಠ ಒಪ್ಪಿಸಬೇಕಾಗಿಲ್ಲ. ಎಲ್ಲರ ಮೈಯೂ ಒಂದೇ ಬಣ್ಣವಲ್ಲವಾದ್ದರಿಂದ ಸಾಲಿನಲ್ಲಿ ಅತ್ಯಂತ ಕಪ್ಪಾದ ಮುಖದಲ್ಲಿಯೂ ಕಣ್ಣು, ತುಟಿ, ನಗೆ ತೋರುವಂತಿದೆಯೇ ಎಂದು ಪರೀಕ್ಷಿಸಿ ಮುಂದುವರಿಯಬೇಕು. ಮೊಬೈಲಿನಲ್ಲಾದರೆ ಪರದೆಯ ಮೇಲೆ ಆ ಮುಖವನ್ನು ಬೆರಳಿನಿಂದ ಮುಟ್ಟಿದರೆ ಸಾಮಾನ್ಯವಾಗಿ ಅಳತೆ ಅಲ್ಲಿಗೆ ಸರಿಯುತ್ತದೆ.

ಹಾಗೆ ಮಾಡಿದಾಗ ಅಂಗಿಯೂ ಆಕಾಶವೂ ಅತಿಯಾಗಿ ಬೆಳಗಿ ವಿವರ ಕಳೆದುಕೊಳ್ಳಬಹುದು. ಫಿಲ್ಮಿನ ಕಾಲದಲ್ಲಿ ನೆಳಲಿಗೆ ಹೆದರಬೇಕಾಗಿತ್ತು. ಇಂದಿನ ಡಿಜಿಟಲ್ ಕ್ಯಾಮರಾದಲ್ಲಿ ಉರಿದುಹೋದ ಬಿಳುಪು ಮರಳಿ ಬಾರದು. ಆದ್ದರಿಂದ ಎರಡರ ಅಂತರವನ್ನೇ ಕಡಮೆ ಮಾಡುವ ಉಪಾಯ ಹುಡುಕಬೇಕು. ಬಿಸಿಲಿಗೂ ತೆರೆದ ನೆಳಲಿಗೂ ಇರುವ ಅಂತರ ಎಂಟರಿಂದ ಹದಿನಾರು ಪಟ್ಟು. ಅರ್ಧ ಸಾಲು ಬಿಸಿಲಿನಲ್ಲಿ, ಅರ್ಧ ಸಾಲು ಮರದಡಿಯಲ್ಲಿ ನಿಂತರೆ ಯಾವ ಅಳತೆಯಿಂದಲೂ ನ್ಯಾಯ ಸಲ್ಲದು. ಎಲ್ಲರನ್ನೂ ಕಟ್ಟಡದ ನೆಳಲಿಗೆ, ಆಕಾಶಕ್ಕೆ ಮುಖಮಾಡಿ ನಿಲ್ಲಿಸುವುದು ಮೊದಲ ಉಪಾಯ. ಮಾಡಿನ ಅಂಚಿನ ಆಚೆ ಬಿಸಿಲು ಬಿದ್ದ ಅಂಗಳವೇ ಕೆಳಗಿನಿಂದ ಬೆಳಕನ್ನು ಚಿಮ್ಮಿಸಿ ಕಣ್ಣಿನ ಗುಳಿಯನ್ನು ತುಂಬುತ್ತದೆ. ಸಾಲದಿದ್ದರೆ ಮುಂದೆ ನೆಲದ ಮೇಲೆ ಬಿಳಿಯ ಪಂಚೆಗಳನ್ನು ಹಾಸಬಹುದು. ಸುಬ್ರತ ಮಿತ್ರರ ತತ್ತ್ವ ಇದೇ. ಮುರಕಲ್ಲಿನ ಗೋಡೆಯ ಸಮೀಪ ನಿಂತರೆ ಮುಖಕ್ಕೆ ಕೆಂಪು ಛಾಯೆ, ಕಂಗಿನ ತೋಟದೊಳಗೆ ನಿಂತರೆ ಹಸುರು ಛಾಯೆ ಬರುವುದನ್ನೂ ಗಮನಿಸಬೇಕು. ಸಾಧ್ಯವಾದರೆ ಚಿತ್ರವನ್ನು ಭಾಷಣಕ್ಕಿಂತ ಮೊದಲು, ಬೆಳಗಿನ ಓರೆಬಿಸಿಲಿನಲ್ಲಿಯೇ ತೆಗೆಯುವುದು ಸರ್ವೋತ್ತಮ.

ಇಂದಿನ ಮೊಬೈಲುಗಳು ಒಂದೇ ದೃಶ್ಯವನ್ನು ಹಲವು ಅಳತೆಗಳಲ್ಲಿ ಕ್ಷಣಾರ್ಧದಲ್ಲಿ ಹಿಡಿದು, ಅವನ್ನೆಲ್ಲ ಬೆಸೆದು, ನೆಳಲನ್ನು ಎತ್ತಿ ಬಿಳುಪನ್ನು ತಗ್ಗಿಸಿ ಕೊಡುತ್ತವೆ; ಹಾಗಿರುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಈ ಸೌಕರ್ಯದಿಂದ ಉಪಕಾರವಾಗಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರವು ನೆಳಲನ್ನು ಎತ್ತಬಲ್ಲುದೇ ಹೊರತು ಯಾವ ನೆಳಲಿಗೆ ಅರ್ಥವಿದೆ, ಯಾವುದಕ್ಕೆ ಇಲ್ಲವೆಂದು ಹೇಳಲಾರದು. ಸಂಜೆಯ ಗಾಂಭೀರ್ಯಕ್ಕೆ ಬೇಕಾದ ಕತ್ತಲೆಯನ್ನೂ ಅದು ಅಳಿಸಿಬಿಟ್ಟೀತು. ಹರ್ನಾಂಡೆಜಿನ ಆ ಸಂಜೆಯನ್ನು ಇಂಥ ಯಂತ್ರ ಹಿಡಿದಿದ್ದರೆ ನೆಲವೂ ಆಕಾಶವೂ ಸಮನಾಗಿ ಬೆಳಗಿ, ಯಾತರ ಮೇಲೂ ಕಣ್ಣು ನಿಲ್ಲದ ಚಿತ್ರವೊಂದು ದೊರೆಯುವ ಸಂಭವವೇ ಹೆಚ್ಚು. ತೀರ್ಮಾನಿಸುವ ಭಾರವನ್ನು ಯಂತ್ರಕ್ಕೆ ಒಪ್ಪಿಸಿದವನಿಗೆ ಕಾಲಕ್ರಮದಲ್ಲಿ ನೋಡುವ ಭಾರವೂ ಬೇಡವಾಗುತ್ತದೆ.

ಆದಕಾರಣ ವಿದ್ಯಾರ್ಥಿಗಳಿಗೆ ಕ್ಯಾಮರಾ ಕೊಡುವ ಮೊದಲು ಕೊಡಬೇಕಾದ ಪಾಠಗಳು ಕೆಲವುಂಟು. ಶಾಲೆಯ ಒಂದು ಗೋಡೆಯನ್ನು ಆರಿಸಿ, ಒಂದು ವಾರ ಬೆಳಗ್ಗೆ, ನಡುಹಗಲು, ಸಂಜೆ ಅದರ ಬಣ್ಣವನ್ನೂ ಅದರ ಮೇಲೆ ಬಿದ್ದ ನೆಳಲಿನ ಉದ್ದವನ್ನೂ ಬರೆದಿಡಲಿ. ಅಂಗೈಯನ್ನು ಮುಖದ ಮುಂದೆ ಹಿಡಿದು ನಿಧಾನವಾಗಿ ಸುತ್ತ ತಿರುಗಿ, ಯಾವ ದಿಕ್ಕಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ, ಯಾವ ದಿಕ್ಕಿನಲ್ಲಿ ಮಾಯವಾಗುತ್ತವೆ ಎಂದು ಕಂಡುಕೊಳ್ಳಲಿ. ಕಣ್ಣನ್ನು ಅರೆಮುಚ್ಚಿ ನೋಡಿ, ಮೊದಲು ಕತ್ತಲಾಗುವುದು ಯಾವುದು, ಕೊನೆಯವರೆಗೆ ಉಳಿಯುವ ಬೆಳಕು ಯಾವುದು ಎಂದು ಹೇಳಲಿ. ಮಳೆಗಾಲದ ಮೋಡ ಕವಿದ ದಿನ ನೆಳಲೇ ಇಲ್ಲದ ಬೆಳಕಿನಲ್ಲಿ ಎಲೆಯ ಹಸುರು ಹೇಗೆ ಗಾಢವಾಗುತ್ತದೆಂಬುದನ್ನು ಗಮನಿಸಲಿ. ನಮ್ಮ ನಾಡಿನಲ್ಲಿ ಸಂಧ್ಯೆ ಬಲು ಚಿಕ್ಕದು. ೩೬ ಡಿಗ್ರಿ ಅಕ್ಷಾಂಶದ ಹರ್ನಾಂಡೆಜಿಗಿಂತಲೂ ಬೇಗನೆ ಕತ್ತಲು ಇಳಿಯುತ್ತದೆ. ಸಿದ್ಧವಾಗಿರುವ ಕಣ್ಣು ಅವರಿಗಿಂತ ನಮಗೆ ಹೆಚ್ಚು ಅವಶ್ಯ.

ಬೆಳಕು ಎಲ್ಲರ ಮೇಲೆಯೂ ಪಕ್ಷಪಾತವಿಲ್ಲದೆ ಬೀಳುತ್ತದೆ. ಪಕ್ಷಪಾತ ಹುಟ್ಟುವುದು ಅದನ್ನು ಅಳೆಯುವವನಲ್ಲಿ. ಯಾವುದನ್ನು ಅಳತೆಗೋಲಾಗಿ ಹಿಡಿಯುತ್ತೇವೆಯೋ ಅದು ಕಾಣುತ್ತದೆ. ಮಿಕ್ಕುದು ಅದಕ್ಕೆ ಅಧೀನವಾಗಿ ಕಂಡೀತು ಅಥವಾ ಮರೆಯಾದೀತು. ಆಡಮ್ಸರ ಚಿತ್ರದಿಂದ ನಾವು ಕಲಿಯತಕ್ಕ ಪಾಠ ಇದು. ಮುಂದಿನ ಆಗಸ್ಟಿನಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಅಧ್ಯಾಪಕ ಮಿತ್ರರು ಮೊದಲು ತಲೆಯೆತ್ತಿ ಸೂರ್ಯನಿರುವ ಎಡೆಯನ್ನು ನೋಡಲಿ. ಬಳಿಕ ಸಾಲಿನ ತುದಿಯಲ್ಲಿ ನಿಂತಿರುವ ಅತ್ಯಂತ ಕಪ್ಪಾದ ಮುಖವನ್ನು ನೋಡಲಿ. ಆಮೇಲೆ ಅಳತೆಯನ್ನು ತೀರ್ಮಾನಿಸಲಿ ಎಂದು ಕೋರುತ್ತೇವೆ.